ಕೂಡಬಾರದ ನೀರು

ಗುಡ್ಡದಾಚೆ ಗುಡುಗು ಕೇಳಿದ ರಾತ್ರಿ
ನನ್ನ ಪಾಳಿಯ ಮೊದಲ ಕೆಲಸ ಪಾತ್ರೆ ಎಣಿಸುವುದು.
ಸಿಕ್ಕಿದ ಬಕೆಟ್ಟು ತಂದಿಡುವಂತಿಲ್ಲ ಇಲ್ಲಿ.
ಮೊಣಕೈಯುದ್ದ, ಎರಡು ಕೈಯಲ್ಲಿ ತಬ್ಬಿ ಹಿಡಿಯುವಷ್ಟು ದಪ್ಪ,
ಬಡಕಲು ಕೊಳವೆಯಂಥವು ಮಾತ್ರ,
ಒಂದರಿಂದ ಒಂದು ಎರಡಡಿ ದೂರ,
ಆಸ್ತಿಗೆ ಜಗಳಾಡಿದ ಅಕ್ಕತಂಗಿಯರ ಹಾಗೆ.

"ಡವಿ, ಸೋರುವ ಮಾಡಿಗೆ ಇಷ್ಟೊಂದು ಮಡಿಯೇ?"
ನಗುತ್ತಾನೆ ಹೊಸ ಹುಡುಗ ಕೋಲ್ಟನ್.
ನೋಡು ಮಗಾ,
ಈ ಕೊಳವೆಗಳ ಮಂಡಿಸಂದಿಗಳಲ್ಲಿ
ಎಪ್ಪತ್ತು ವರ್ಷದ ಯುರೇನಿಯಂ ಪುಡಿ ಕೂತಿದೆ,
ಎಷ್ಟೆಂದು ಲೆಕ್ಕದ ಪುಸ್ತಕಕ್ಕೂ ಗೊತ್ತಿಲ್ಲ.
ಒಣಗಿರುವ ತನಕ ಸಾಧು.
ಸುತ್ತ ನೀರು ನಿಂತಿತೋ
ಓಡುವ ಕಣ ನಡೆಯಲು ಕಲಿಯುತ್ತದೆ,
ನಡೆಯುವುದಕ್ಕೆ ನೆರೆಮನೆಯ ಬಾಗಿಲು ಕಾಣುತ್ತದೆ,
ಆ ಮನೆಯಿಂದ ಇಬ್ಬರು, ಇಬ್ಬರಿಂದ ನಾಲ್ವರು,
ಒಂದು ನೀಲಿ ಬೆಳಕು.
ಅದನ್ನು ಹತ್ತಿರದಿಂದ ನೋಡಿದವರು
ನಿವೃತ್ತಿಯ ಕೇಕು ತಿನ್ನಲಿಲ್ಲ.

ಹನಿ ಹನಿ ಕೂಡಿದರೆ ಹಳ್ಳ:
ಬೇಲಿಯಾಚೆ ಅದು ಹಿರಿಯರ ಬುದ್ಧಿಮಾತು,
ಈಚೆಗೆ ಅಪಾಯದ ಫಲಕ.

ಟೆನ್ನೆಸ್ಸಿಯ ಈ ಕಣಿವೆಯಲ್ಲಿ ಕಟ್ಟಡ ಎದ್ದಾಗ
ನನ್ನಮ್ಮ ತೊಟ್ಟಿಲಲ್ಲಿದ್ದಳು.
ಇಪ್ಪತ್ತು ವರ್ಷ ಬಾಳಿದರೆ ಸಾಕು ಎಂದಿದ್ದರಂತೆ.
ಈಗ ಗೋಡೆ ಅದ್ದಿದ ಬಿಸ್ಕತ್ತಿನ ಹಾಗೆ ಉದುರುತ್ತದೆ.
ಫ್ಯಾನಿನ ಬಿಡಿಭಾಗ ಮಾಡುತ್ತಿದ್ದ ಕಂಪನಿ ಮುಚ್ಚಿ
ಅಲ್ಲೀಗ ಡೋನಟ್ ಅಂಗಡಿ.
ನಕ್ಷೆಯಲ್ಲಿ ಎಡಕ್ಕೆ ತಿರುಗುವ ವಾಲ್ವು
ಕೈಗೆ ಬಂದರೆ ಬಲಕ್ಕೆ.
ಅಂಥವಕ್ಕೆಲ್ಲ ಒಂದೊಂದು ಕೆಂಪು ಚುಕ್ಕೆ.
ವರ್ಲಿನ್ ಸ್ಟೂಕ್ಸ್‌ಬರಿ ಹೆಂಡತಿಯ ಉಗುರುಬಣ್ಣ ಕದ್ದು ತಂದು
ಸುಳ್ಳಾಡುವ ವಾಲ್ವುಗಳ ಹಣೆಗೆ ಇಟ್ಟದ್ದು.

ರಸ್ತೆಯಾಚೆ ಹೊಸ ಕಟ್ಟಡ ಏಳುತ್ತಿದೆ,
ಏಳುತ್ತಲೇ ಇದೆ.
ಉದ್ಘಾಟನೆಯ ವರ್ಷದ ಮೇಲೆ ಮೂರನೇ ಸಲ ಕಾಗದ ಅಂಟಿಸಿದ್ದಾರೆ.
ಅಲ್ಲಿಯವರೆಗೆ ಈ ಮುದುಕನಿಗೆ
ಆಯಸ್ಸು ವಿಸ್ತರಣೆಯ ಯೋಜನೆ, ಹೌದು, ಅದೇ ಹೆಸರು,
ನೀಲಿ ಅಂಗಿಯವರು ಬಂದು ಸ್ಲೈಡು ತೋರಿಸಿ ಹೋದರು.
ಸ್ಲೈಡು ತೋರಿಸುವಾಗಲೂ
ಪರದೆಯ ಮೂಲೆಯಲ್ಲಿ ಒಂದು ಹನಿ ಇಳಿಯಿತು.
ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ವರ್ಲಿನನ ಅರ್ಜಿ ಇನ್ನೊಂದು ಕಚೇರಿಯಲ್ಲಿದೆ.
ಯಾವ ಕೋಣೆ, ಯಾವ ವರ್ಷ, ಎಷ್ಟು ಗಂಟೆ,
ಪುರಾವೆ ಕಳಿಸಿ ಎನ್ನುತ್ತಾರೆ.
ಪುರಾವೆಗಳಿದ್ದ ನೆಲಮಾಳಿಗೆಗೆ ತೊಂಬತ್ತೊಂದರಲ್ಲಿ ನೀರು ನುಗ್ಗಿ
ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿವೆ.

ನಿಯಮದ ಪ್ರಕಾರ ಕೇಳುವಂತಿಲ್ಲ, ಆದರೂ
ಪಂಪು ರಾಗ ಬದಲಿಸಿದ ರಾತ್ರಿಗಳಲ್ಲಿ
ಗೋಡೆಯ ಫೋನಿನ ದಾರ ಎಳೆದು
ಅದರ ಬೆನ್ನಿಗೆ ಹಿಡಿಯುತ್ತಿದ್ದೆ.
ಆ ತುದಿಯಲ್ಲಿ ಎಪ್ಪತ್ತೊಂಬತ್ತರ ಕಿವಿ:
"ಎರಡನೇದು. ಅದರ ಬೆಲ್ಟು ಸಡಿಲ. ಕಾಲಲ್ಲಿ ಒದಿ."
ಒದೆಯುತ್ತಿದ್ದೆ. ಸರಿಹೋಗುತ್ತಿತ್ತು.

ಕಳೆದ ಭಾನುವಾರ ಅವನ ಮನೆಗೆ ಹೋದೆ.
ಮೂಗಿನ ಆಮ್ಲಜನಕದ ನಳಿಗೆ ಐವತ್ತು ಅಡಿ ಉದ್ದ.
ಅವನ ಲೋಕವೂ ಅಷ್ಟೇ:
ಹಾಸಿಗೆ, ಬಚ್ಚಲು, ಜಗಲಿಯ ಎರಡನೇ ಕುರ್ಚಿ.
ಅಂಚೆಪೆಟ್ಟಿಗೆ ಅರುವತ್ತೆರಡನೇ ಅಡಿಯಲ್ಲಿ.
ಮಳೆ ಹಿಡಿಯಿತು. ಜಗಲಿ ಸೋರಿತು.
ನೀವಾ ಒಳಗಿಂದ ಬಟ್ಟೆ ಒಗೆಯುವ ದೊಡ್ಡ ತೊಟ್ಟಿ ತಂದು
ಧಡ್ಡನೆ ಇಟ್ಟಳು.
ಅಷ್ಟು ಅಗಲ. ಅಷ್ಟು ತೆರೆದ ಬಾಯಿ.
ನನಗೇ ತಿಳಿಯದೆ ಎದ್ದಿದ್ದೆ,
ಕಾಫಿ ಲೋಟಗಳಿಗೆ ಕೈ ಹಾಕಿದ್ದೆ.

ವರ್ಲಿನ್ ನಕ್ಕ, ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ
"ಕೂತ್ಕೋ ಹುಡುಗಿ," ಅಂದ, "ಇದು ಬರೀ ಮಳೆ.
ಇಲ್ಲಿ ಕೂಡಲಿ ಬಿಡು."

ತೊಟ್ಟಿ ತುಂಬುತ್ತಿತ್ತು, ಮೊದಲು ಟಣ್ ಟಣ್,
ಆಮೇಲೆ ಗೊಳಕ್ ಗೊಳಕ್,
ಒಳಗೆ ಅವನ ಯಂತ್ರ ಉಸಿರಾಡುತ್ತಿತ್ತು.
ಹೌದು ಅಂದೆ, ಬರೀ ಮಳೆ.
ಅಂದು, ನನ್ನ ಕುರ್ಚಿಯನ್ನು
ಎರಡಡಿ ಹಿಂದಕ್ಕೆ ಸರಿಸಿದೆ.